ನ್ಯಾನೊ ಸಂಶೋಧನಾ ಕೇಂದ್ರವನ್ನು ಬಳಸುವ ಬಗೆ: ಬೇರೆ ವಿಭಾಗಗಳಿಂದ ಬರುವ ಸಂಶೋಧಕರಿಗೆ

ವಿಶ್ವವಿದ್ಯಾಲಯಗಳಲ್ಲಿ ನ್ಯಾನೊ ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆಂದೇ ಕಟ್ಟಿರುವ ಸಂಶೋಧನಾ ಕೇಂದ್ರಗಳು ಯಾವ ಒಂದು ವಿಭಾಗದ ಸ್ವತ್ತೂ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಲೋಹಶಾಸ್ತ್ರ, ಜೀವಶಾಸ್ತ್ರ, ವೈದ್ಯಕೀಯ ಹೀಗೆ ಹಲವು ಕಡೆಗಳಿಂದ ಬಂದವರು ಅಲ್ಲಿ ಒಂದೇ ಕ್ಲೀನ್‌ರೂಮನ್ನು (ಗಾಳಿಯ ಧೂಳನ್ನು ಶೋಧಿಸಿ ತೆಗೆದ ಕೋಣೆಯನ್ನು), ಒಂದೇ ಸಾಲಿನ ಸೂಕ್ಷ್ಮದರ್ಶಕಗಳನ್ನು ಹಂಚಿಕೊಂಡು ಕೆಲಸ ಮಾಡುತ್ತಾರೆ. ಉಪಕರಣಗಳು ದುಬಾರಿ ಎಂಬುದು ಇದಕ್ಕೆ ಒಂದು ಕಾರಣ. ವಿಷಯದ ಸ್ವಭಾವವೇ ಇನ್ನೊಂದು ಕಾರಣ. 1ರಿಂದ 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಅಳತೆಯಲ್ಲಿ ಡಿಎನ್‌ಎಯ 2 ನ್ಯಾನೊಮೀಟರ್ ದಪ್ಪದ ಎಳೆ, ಟ್ರಾನ್ಸಿಸ್ಟರಿನೊಳಗಿನ ಆಕ್ಸೈಡ್ ಪದರ, ವೇಗವರ್ಧಕದ ಕಣ ಎಲ್ಲವೂ ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಅವುಗಳನ್ನು ನೋಡುವ, ಕೆತ್ತುವ, ಅಳೆಯುವ ವಿಧಾನಗಳೂ ಬಹುಮಟ್ಟಿಗೆ ಒಂದೇ ಆಗಿಬಿಡುತ್ತವೆ. 1977ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಆರಂಭವಾದ ಕೇಂದ್ರವು, ಹೊರಗಿನ ಸಂಶೋಧಕರಿಗೂ ಬಾಗಿಲು ತೆರೆದಿಡುವ ಈ ಪದ್ಧತಿಗೆ ಒಂದು ಮಾದರಿಯನ್ನು ಹಾಕಿಕೊಟ್ಟಿತು. 2015ರಲ್ಲಿ ಅದೇ ಪ್ರತಿಷ್ಠಾನ ರೂಪಿಸಿದ ಜಾಲದಲ್ಲಿ ಇಂಥ 16 ತಾಣಗಳಿದ್ದವು.

ಈ ಬರಹ ಅಂಥ ಒಂದು ಕೇಂದ್ರಕ್ಕೆ ಮೊದಲ ಬಾರಿಗೆ ಹೋಗಲಿರುವ ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ ಮತ್ತು ಯುವ ಅಧ್ಯಾಪಕರಿಗಾಗಿ. ಕೇಂದ್ರದ ಕೆಲಸ ಯಂತ್ರದ ಮುಂದೆ ಕುಳಿತಾಗ ಆರಂಭವಾಗುತ್ತದೆ ಎಂದು ಹೊಸಬರಲ್ಲಿ ಹೆಚ್ಚಿನವರು ತಿಳಿದಿರುತ್ತಾರೆ. ನಿಜವಾಗಿ ಅದು ಸ್ಯಾಂಪಲ್ ತಯಾರಿಸುವುದಕ್ಕೂ ಮೊದಲೇ, ಯಂತ್ರ ನಡೆಸುವವರೊಡನೆ ಮಾತನಾಡಿದಾಗ ಆರಂಭವಾಗಬೇಕು. ಕೆಳಗಿನ ಸಲಹೆಗಳಲ್ಲಿ ಬಹುಪಾಲು ಈ ಒಂದು ಮಾತಿನ ಸುತ್ತಲೇ ಇವೆ.

ಪ್ರಶ್ನೆಯನ್ನು ಬರೆದುಕೊಳ್ಳುವುದು

“ನಮ್ಮ ಕಣಗಳದ್ದು ಒಂದು ಎಸ್‌ಇಎಂ ಚಿತ್ರ ಬೇಕು” ಎಂದು ಕೇಳಿಕೊಂಡು ಬರುವವರ ಸಂಖ್ಯೆ ದೊಡ್ಡದು. ಎಸ್‌ಇಎಂ ಎಂದರೆ ಮೇಲ್ಮೈಯ ಮೇಲೆ ಎಲೆಕ್ಟ್ರಾನ್ ಕಿರಣ ಆಡಿಸಿ ಚಿತ್ರ ಮೂಡಿಸುವ ಸೂಕ್ಷ್ಮದರ್ಶಕ. ಚಿತ್ರ ಬೇಕೆನ್ನುವುದು ಪ್ರಶ್ನೆಯಲ್ಲ. ಕಣಗಳ ಸರಾಸರಿ ಗಾತ್ರ ಎಷ್ಟು, ಅವು ಒಂದೊಂದಾಗಿ ಇವೆಯೋ ಗುಂಪುಗೂಡಿವೆಯೋ, ಹೊರಗಿನ ಲೇಪ ಎಲ್ಲ ಕಣಗಳ ಮೇಲೂ ಕೂತಿದೆಯೋ ಎಂಬವು ಪ್ರಶ್ನೆಗಳು. ಒಂದೊಂದಕ್ಕೂ ಒಂದೊಂದು ಉಪಕರಣ ಬೇಕು. ಆದ್ದರಿಂದ ಕೇಂದ್ರಕ್ಕೆ ಹೋಗುವ ಮೊದಲು ಅರ್ಧ ಪುಟದಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಏನನ್ನು ತಿಳಿಯಬೇಕು, ಎಷ್ಟು ನಿಖರವಾಗಿ ತಿಳಿಯಬೇಕು, ಉತ್ತರ ಹೀಗೆ ಬಂದರೆ ಮುಂದೇನು ಮಾಡುತ್ತೀರಿ ಮತ್ತು ಹಾಗೆ ಬಂದರೆ ಮುಂದೇನು ಮಾಡುತ್ತೀರಿ. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಅಳತೆ ಸದ್ಯಕ್ಕೆ ಬೇಕಿಲ್ಲ ಎಂದೇ ತಿಳಿಯಬಹುದು.

ಗಾತ್ರದ ಪ್ರಶ್ನೆಯನ್ನು ಇಲ್ಲಿ ತುಸು ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅತಿ ಹೆಚ್ಚು ಗೊಂದಲ ಹುಟ್ಟುವುದು ಅಲ್ಲೇ. ಒಂದೇ ಸೀಸೆಯ ಕಣಗಳನ್ನು ನಾಲ್ಕು ವಿಧಾನಗಳಿಂದ ಅಳೆದರೆ ನಾಲ್ಕು ಸಂಖ್ಯೆಗಳು ಬರುತ್ತವೆ, ಮತ್ತು ನಾಲ್ಕೂ ಸರಿಯಾಗಿರಬಹುದು. ಎಕ್ಸ್-ಕಿರಣ ವಿವರ್ತನೆಯ ನಕ್ಷೆಯಲ್ಲಿ ಶೃಂಗದ ಅಗಲದಿಂದ, 1918ರಷ್ಟು ಹಳೆಯದಾದ ಶೆರರ್ ಸೂತ್ರದ ಮೂಲಕ ಪಡೆಯುವ ಗಾತ್ರ ಕಣದ್ದಲ್ಲ. ಕಣದೊಳಗೆ ಪರಮಾಣುಗಳು ಒಂದೇ ಕ್ರಮದಲ್ಲಿ ಜೋಡಿಸಿಕೊಂಡಿರುವ ಹರಳಿನದು. ಒಂದು ಕಣದಲ್ಲಿ ಅಂಥ ಹಲವು ಹರಳುಗಳಿರಬಹುದು. ಎಲೆಕ್ಟ್ರಾನುಗಳನ್ನು ಸ್ಯಾಂಪಲಿನ ಮೂಲಕವೇ ಹಾಯಿಸಿ ನೋಡುವ ಟಿಇಎಂ ಸೂಕ್ಷ್ಮದರ್ಶಕ ಲೋಹದ ತಿರುಳನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದಕ್ಕೆ ಅಂಟಿರುವ ಸಾವಯವ ಅಣುಗಳ ಪದರ ಬಹುಮಟ್ಟಿಗೆ ಕಾಣುವುದಿಲ್ಲ. ಮೇಲಾಗಿ ನೀವು ಎಣಿಸುವುದು ಕೆಲವು ನೂರು ಕಣಗಳನ್ನು ಮಾತ್ರ. ದ್ರವದಲ್ಲಿರುವ ಕಣಗಳ ಮೇಲೆ ಲೇಸರ್ ಹಾಯಿಸಿ ಅಳೆಯುವ ಡಿಎಲ್‌ಎಸ್ ವಿಧಾನವು ತಿರುಳು, ಪದರ, ಅದರೊಡನೆ ಚಲಿಸುವ ದ್ರವ ಎಲ್ಲವನ್ನೂ ಸೇರಿಸಿ ಒಂದು ವ್ಯಾಸ ಕೊಡುತ್ತದೆ. ಅದರಲ್ಲಿ ಇನ್ನೊಂದು ಬಲೆಯೂ ಇದೆ. ಸಣ್ಣ ಕಣಗಳು ಚದುರಿಸುವ ಬೆಳಕು ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 100 ನ್ಯಾನೊಮೀಟರಿನ ಒಂದು ಕಣ 10 ನ್ಯಾನೊಮೀಟರಿನ ಕಣಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಬೆಳಕನ್ನು ಚದುರಿಸುತ್ತದೆ. ಹೀಗಾಗಿ ಸೀಸೆಯಲ್ಲಿರುವ ಬೆರಳೆಣಿಕೆಯ ಗುಂಪುಗಳೇ ಇಡೀ ಫಲಿತಾಂಶವನ್ನು ಎಳೆದೊಯ್ಯಬಹುದು. ಇನ್ನು ಮೇಲ್ಮೈಯನ್ನು ಸೂಜಿಯಿಂದ ತಡವಿ ನೋಡುವ ಎಎಫ್‌ಎಂನಲ್ಲಿ ಸೂಜಿಯ ತುದಿಯೇ ಸುಮಾರು 10 ನ್ಯಾನೊಮೀಟರ್ ತ್ರಿಜ್ಯದ್ದಾಗಿರುವುದರಿಂದ ಕಣದ ಅಗಲ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಲ್ಲಿ ನಂಬಬೇಕಾದದ್ದು ಎತ್ತರವನ್ನು.

ಆದ್ದರಿಂದ “ಕಣದ ಗಾತ್ರ 12 ನ್ಯಾನೊಮೀಟರ್” ಎಂದು ಬರೆಯುವಾಗ ಯಾವ ವಿಧಾನದಿಂದ, ಎಷ್ಟು ಕಣಗಳನ್ನು ಎಣಿಸಿ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಎರಡು ವಿಧಾನಗಳ ಸಂಖ್ಯೆಗಳು ಹೊಂದದಿದ್ದರೆ ಒಂದನ್ನು ಮರೆಮಾಡುವುದು ಬೇಡ. ಎಷ್ಟೋ ವೇಳೆ ಆ ವ್ಯತ್ಯಾಸವೇ ಪದರದ ದಪ್ಪವನ್ನೋ ಕಣಗಳು ಗುಂಪುಗೂಡಿರುವುದನ್ನೋ ಹೇಳುತ್ತಿರುತ್ತದೆ.

ದುಬಾರಿ ಉಪಕರಣಕ್ಕೆ ಸಾಲು ನಿಲ್ಲುವ ಮೊದಲು ಸುಲಭದ ಪರೀಕ್ಷೆಗಳನ್ನು ನಿಮ್ಮ ಪ್ರಯೋಗಾಲಯದಲ್ಲೇ ಮುಗಿಸಿ. ನೀರಿನಲ್ಲಿ ಹರಡಿದ ಸುಮಾರು 20 ನ್ಯಾನೊಮೀಟರಿನ ಚಿನ್ನದ ಕಣಗಳು 520 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ಹೀರಿ ಕೆಂಪಾಗಿ ಕಾಣುತ್ತವೆ. ಗುಂಪುಗೂಡಿದರೆ ದ್ರಾವಣ ನೇರಳೆಗೆ, ಮತ್ತೆ ನೀಲಿಗೆ ತಿರುಗುತ್ತದೆ. ಚಿನ್ನದ ಈ ಕೆಂಪು ದ್ರಾವಣಗಳನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದರು. ಬಣ್ಣ ತಿರುಗಿದ ಸೀಸೆಯನ್ನು ಹಿಡಿದುಕೊಂಡು ಟಿಇಎಂಗೆ ಹೋಗುವುದರಲ್ಲಿ ಅರ್ಥವಿಲ್ಲ.

ತಂತ್ರಜ್ಞರೊಡನೆ ಮೊದಲ ಮಾತು

ಕೇಂದ್ರದಲ್ಲಿ ಪ್ರತಿ ಉಪಕರಣಕ್ಕೂ ಅದನ್ನು ನೋಡಿಕೊಳ್ಳುವ ಒಬ್ಬ ತಂತ್ರಜ್ಞರಿರುತ್ತಾರೆ. ಅವರು ವರ್ಷಗಟ್ಟಲೆ ಹಲವು ವಿಭಾಗಗಳ ಸ್ಯಾಂಪಲ್‌ಗಳನ್ನು ನೋಡಿರುವವರು. ನಿಮ್ಮ ಗೈಡ್‌ಗೆ ತಿಳಿಯದ ಎಷ್ಟೋ ಸಂಗತಿ ಅವರಿಗೆ ತಿಳಿದಿರುತ್ತದೆ. ಅವರನ್ನು ಕೇವಲ ಯಂತ್ರದ ಗುಂಡಿ ಒತ್ತುವವರಂತೆ ಕಾಣುವುದು ತಪ್ಪು, ಮತ್ತು ಅದರಿಂದ ನಷ್ಟ ನಿಮಗೇ. ಬುಕಿಂಗ್ ಮಾಡುವ ಮೊದಲು ಅವರಿಂದ ಅರ್ಧ ಗಂಟೆ ಸಮಯ ಕೇಳಿ ಪಡೆಯಿರಿ. ಬರೆದುಕೊಂಡ ಅರ್ಧ ಪುಟವನ್ನು ಅವರ ಮುಂದಿಡಿ. “ಇದಕ್ಕೆ ನಮ್ಮ ಯಂತ್ರ ಬೇಡ, ಪಕ್ಕದ ಕೋಣೆಯ ಯಂತ್ರ ಸಾಕು” ಎಂಬ ಉತ್ತರ ಬಂದರೆ ನಿಮ್ಮ ಒಂದು ತಿಂಗಳು ಉಳಿಯಿತು.

ಆ ಮಾತುಕತೆಗೆ ಹೋಗುವಾಗ ಸ್ಯಾಂಪಲಿನ ಪೂರ್ಣ ವಿವರ ಕೈಯಲ್ಲಿರಲಿ: ಅದರಲ್ಲಿ ಯಾವ ಯಾವ ಧಾತುಗಳಿವೆ, ಯಾವ ದ್ರಾವಕದಲ್ಲಿ ತಯಾರಾಯಿತು, ಯಾವುದರ ಮೇಲೆ ಕೂತಿದೆ, ಎಷ್ಟು ಉದ್ದ, ಅಗಲ, ದಪ್ಪ ಇದೆ, ಕಾಂತಕ್ಕೆ ಅಂಟುತ್ತದೆಯೇ, ಕಾಯಿಸಿದರೆ ಆವಿಯಾಗುತ್ತದೆಯೇ, ವಿಷಕಾರಿಯೇ, ಜೀವಕೋಶದಿಂದ ಬಂದದ್ದೇ. ಇಷ್ಟೆಲ್ಲ ಕೇಳುವುದು ಕಡತ ತುಂಬಿಸುವುದಕ್ಕಲ್ಲ. ಸಿಲಿಕಾನಿನೊಳಗೆ ಚಿನ್ನ ಬೇಗನೆ ಹರಡಿಕೊಳ್ಳುತ್ತದೆ ಮತ್ತು ಅಲ್ಲಿ ಎಲೆಕ್ಟ್ರಾನುಗಳನ್ನೂ ರಂಧ್ರಗಳನ್ನೂ (ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನಗಳನ್ನೂ) ಹಿಡಿದು ನುಂಗುವ ನೆಲೆಗಳನ್ನು ಸೃಷ್ಟಿಸುತ್ತದೆ. ಆದ್ದರಿಂದ ಟ್ರಾನ್ಸಿಸ್ಟರುಗಳಿಗೆ ಆಕ್ಸೈಡ್ ಬೆಳೆಸುವ ಕುಲುಮೆಗೆ ಚಿನ್ನ ಸೋಕಿದ ವೇಫರ್ (ಸಿಲಿಕಾನಿನ ತೆಳು ಬಿಲ್ಲೆ) ಹೋದರೆ ಅದರ ನಂತರ ಹೋಗುವ ಎಲ್ಲರ ಸಾಧನಗಳೂ ಕೆಡಬಹುದು. ಸೋಡಿಯಂ, ಪೊಟ್ಯಾಸಿಯಂಗಳ ಕಥೆಯೂ ಹಾಗೆಯೇ: ಅವುಗಳ ಅಯಾನುಗಳು ಆಕ್ಸೈಡ್ ಪದರದೊಳಗೆ ಓಡಾಡಿ ಟ್ರಾನ್ಸಿಸ್ಟರ್ ತೆರೆದುಕೊಳ್ಳುವ ವೋಲ್ಟೇಜನ್ನೇ ಬದಲಿಸುತ್ತವೆ. ಉಪ್ಪಿನ ಬಫರ್ ದ್ರಾವಣಗಳಲ್ಲಿ ದಿನವಿಡೀ ಕೆಲಸ ಮಾಡುವ ಜೀವವಿಜ್ಞಾನಿಗಳಿಗೆ ಇದು ತೋಚುವುದೇ ಇಲ್ಲ, ಅದು ಸಹಜವೂ ಹೌದು. ಸತು ಮತ್ತು ಕ್ಯಾಡ್ಮಿಯಂ ನಿರ್ವಾತದಲ್ಲಿ ಸುಲಭವಾಗಿ ಆವಿಯಾಗಿ ಯಂತ್ರದ ನಿರ್ವಾತ ಕೊಠಡಿಯ ಗೋಡೆಗೆಲ್ಲ ಅಂಟುತ್ತವೆ. ಸಡಿಲವಾದ ಕಾಂತೀಯ ಪುಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸೂರದೊಳಕ್ಕೇ ಎಳೆಯಲ್ಪಡುತ್ತದೆ.

ಸ್ಯಾಂಪಲಿನಲ್ಲಿರುವ ಯಾವುದನ್ನೂ ಮುಚ್ಚಿಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ. “ಬೇಡ” ಎಂಬ ಉತ್ತರ ಬಂದರೂ ಸಾಮಾನ್ಯವಾಗಿ ಬೇರೆ ದಾರಿ ಇರುತ್ತದೆ: ಚಿನ್ನಕ್ಕೆಂದೇ ಇರುವ ಬೇರೆ ಕೊಠಡಿ, ಪುಡಿಯನ್ನು ರಾಳದಲ್ಲಿ ಹುದುಗಿಸುವ ಉಪಾಯ, ಕೊನೆಯ ಹಂತದಲ್ಲಷ್ಟೇ ಆ ಲೋಹ ಬರುವಂತೆ ಕ್ರಮವನ್ನು ತಿರುಗಿಸುವುದು.

ತರಬೇತಿ ಮತ್ತು ಸುರಕ್ಷತೆ

ಸುರಕ್ಷತಾ ತರಗತಿಯನ್ನು ಸಹಿ ಹಾಕಿ ಮುಗಿಸುವ ಶಾಸ್ತ್ರವೆಂದು ನೋಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಅಲ್ಲಿ ಕಲಿಸುವ ಎಲ್ಲದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲದ ಪಾಠವನ್ನು ಬಾಯಿಪಾಠವಾಗುವಷ್ಟು ಸಲ ಕೇಳಬೇಕು. ಸಿಲಿಕಾನ್ ಡೈಆಕ್ಸೈಡನ್ನು ಕರಗಿಸಲು ಬಳಸುವ ಈ ಆಮ್ಲ ತೆಳುವಾಗಿದ್ದಾಗ ಚರ್ಮಕ್ಕೆ ತಾಗಿದರೆ ತಕ್ಷಣ ಉರಿಯದಿರಬಹುದು. ನೋವು ಗಂಟೆಗಳ ನಂತರ ಬರಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ. ಆದ್ದರಿಂದ ನೋವಿಲ್ಲವೆಂದು ಸುಮ್ಮನಿರಬಾರದು. ತಾಗಿರಬಹುದೆಂಬ ಅನುಮಾನ ಬಂದೊಡನೆ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ವೈದ್ಯರ ಬಳಿ ಹೋಗಬೇಕು, ಮತ್ತು ಏನು ತಾಗಿತೆಂದು ಅವರಿಗೆ ಹೆಸರು ಹಿಡಿದು ಹೇಳಬೇಕು. ಆ ಜೆಲ್ ಎಲ್ಲಿದೆ, ಅದರ ಅವಧಿ ಮುಗಿದಿದೆಯೇ ಎಂಬುದನ್ನು ಆಮ್ಲದ ಸೀಸೆ ಮುಟ್ಟುವ ಮೊದಲು ಸ್ವತಃ ನೋಡಿಕೊಳ್ಳಿ. ಈ ಆಮ್ಲ ಗಾಜನ್ನೂ ತಿನ್ನುವುದರಿಂದ ಗಾಜಿನ ಬೀಕರನ್ನು ಅದರ ಹತ್ತಿರಕ್ಕೂ ತರಬಾರದು.

ಪಿರಾನ್ಹಾ ಎಂದು ಕರೆಯುವ, ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ದ್ರಾವಣವನ್ನು ಸಾವಯವ ಕೊಳೆ ತೆಗೆಯಲು ಬಳಸುತ್ತಾರೆ. ಬೆರೆಸಿದೊಡನೆ ತಾನಾಗಿ ಕಾಯುತ್ತದೆ, ಅನಿಲ ಬಿಡುತ್ತಲೇ ಇರುತ್ತದೆ. ಅದನ್ನು ಮುಚ್ಚಿದ ಸೀಸೆಯಲ್ಲಿ ಇಟ್ಟರೆ ಸೀಸೆ ಸಿಡಿಯುತ್ತದೆ. ಅಸಿಟೋನ್ ಬಿದ್ದರೆ ಸ್ಫೋಟವೇ ಆಗಬಹುದು. ಅಸಿಟೋನಿನಲ್ಲಿ ತೊಳೆದ ಚಿಪ್ಪನ್ನು (ವೇಫರಿನಿಂದ ಕತ್ತರಿಸಿದ ತುಂಡನ್ನು) ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸದೆ ಅದರೊಳಗೆ ಇಳಿಸಬಾರದು. ಆಮ್ಲಗಳ ವೆಟ್ ಬೆಂಚಿನಲ್ಲಿ (ದ್ರಾವಣಗಳ ಕೆಲಸಕ್ಕೆಂದಿರುವ ಮೇಜಿನಲ್ಲಿ) ಎಂದೂ ಒಬ್ಬರೇ ಕೆಲಸ ಮಾಡಬೇಡಿ. ರಾತ್ರಿ ಹನ್ನೊಂದಕ್ಕೆ ಜೊತೆಗಾರರು ಸಿಗದಿದ್ದರೆ ಆ ಹಂತವನ್ನು ಬೆಳಗ್ಗೆಗೆ ಉಳಿಸಿ.

ಅನಿಲಗಳ ಎಚ್ಚರಿಕೆ ಗಂಟೆ ಮೊಳಗಿದರೆ ಕೈಯಲ್ಲಿರುವ ವೇಫರನ್ನು ಇದ್ದಲ್ಲೇ ಬಿಟ್ಟು ಹೊರಗೆ ನಡೆಯಿರಿ, ಮೇಲುಡುಪನ್ನು ಬಿಚ್ಚುತ್ತಾ ನಿಲ್ಲಬೇಡಿ. ಪದರ ಬೆಳೆಸಲು ಬಳಸುವ ಸೈಲೇನ್ ಅನಿಲ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ದ್ರವ ಸಾರಜನಕಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ ಸಣ್ಣ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ. ಅದರ ಡಬ್ಬಿಯೊಡನೆ ಲಿಫ್ಟಿನಲ್ಲಿ ಹೋಗಬಾರದೆಂಬ ನಿಯಮ ಇದರಿಂದಲೇ ಬಂದಿದೆ. ಒಣ ನ್ಯಾನೊ ಪುಡಿಯನ್ನು ತೆರೆದ ಮೇಜಿನ ಮೇಲೆ ತೂಗದೆ ಫ್ಯೂಮ್ ಹುಡ್‌ನೊಳಗೆ ತೂಗಿ, ಸಾಧ್ಯವಿದ್ದಷ್ಟೂ ದ್ರಾವಣದಲ್ಲಿಟ್ಟೇ ಸಾಗಿಸಿ.

ಕ್ಲೀನ್‌ರೂಮಿನೊಳಗೆ

ಶೋಧಿಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸಿ ಧೂಳನ್ನು ಗುಡಿಸಿಹಾಕುವ ಇಂದಿನ ಕ್ಲೀನ್‌ರೂಮಿನ ವಿಧಾನವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ ರೂಪಿಸಿದರು. ಹೆಪಾ ಶೋಧಕಗಳು 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 1,000 ನ್ಯಾನೊಮೀಟರ್) ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯುತ್ತವೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಐಎಸ್‌ಒ 5ನೇ ದರ್ಜೆಯ ಕೋಣೆಯಲ್ಲಿ ಒಂದು ಘನಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಹೆಚ್ಚಿರಬಾರದು. 7ನೇ ದರ್ಜೆಯಲ್ಲಿ ಈ ಮಿತಿ 3,52,000. ನೀವು ಕೆತ್ತಲಿರುವ ಗೆರೆ 100 ನ್ಯಾನೊಮೀಟರ್ ಅಗಲದ್ದಾದರೆ, ಅರ್ಧ ಮೈಕ್ರಾನಿನ ಒಂದು ಕಣ ಅದರ ಐದು ಪಟ್ಟು ದೊಡ್ಡದು.

ಆ ಕೋಣೆಯಲ್ಲಿ ಧೂಳಿನ ದೊಡ್ಡ ಮೂಲ ಮನುಷ್ಯರೇ: ಚರ್ಮದ ಹೊಟ್ಟು, ಕೂದಲು, ಬಟ್ಟೆಯ ನೂಲು. ಉಡುಪು ತೊಡುವ ಕ್ರಮ ಮೇಲಿನಿಂದ ಕೆಳಕ್ಕೆ ಬರುವುದು ಇದರಿಂದಲೇ. ಮೊದಲು ಕೂದಲಿನ ಜಾಲರಿ, ಮೇಲೆ ತಲೆಮುಸುಕು, ಆಮೇಲೆ ಮೈಪೂರ್ತಿ ಮುಚ್ಚುವ ಉಡುಪು. ಅದನ್ನು ತೊಡುವಾಗ ತೋಳು ನೆಲಕ್ಕೆ ತಾಗದಂತೆ ಮಡಿಕೆ ಹಿಡಿದುಕೊಂಡು ಕಾಲು ತೂರಿಸಬೇಕು. ಮುಸುಕಿನ ಅಂಚನ್ನು ಕೊರಳಿನೊಳಕ್ಕೆ ಸೇರಿಸಿ ಜಿಪ್ ಎಳೆಯಬೇಕು. ನಂತರ ಬೆಂಚಿನ ಮೇಲೆ ಕುಳಿತು ಒಂದು ಕಾಲಿಗೆ ಬೂಟು ಹಾಕಿ ಅದನ್ನು ಶುದ್ಧ ಬದಿಗೆ ಇಳಿಸಿ, ಆಮೇಲೆ ಇನ್ನೊಂದು. ಕೊನೆಗೆ ಕನ್ನಡಕ, ಕೈಗವಸು. ಕೈಗವಸು ತೋಳಿನ ಅಂಚನ್ನು ಮುಚ್ಚಿರಬೇಕು. ಕೇಂದ್ರದಿಂದ ಕೇಂದ್ರಕ್ಕೆ ಈ ಕ್ರಮ ಸ್ವಲ್ಪ ಬದಲಾಗಬಹುದು, ಗೋಡೆಯ ಮೇಲೆ ಬರೆದಿರುವುದೇ ಅಂತಿಮ. ಮೇಕಪ್, ಪೆನ್ಸಿಲ್, ರಟ್ಟಿನ ಡಬ್ಬ, ಸಾಮಾನ್ಯ ಕಾಗದ ಇವು ಒಳಗೆ ಬೇಡ. ಟಿಪ್ಪಣಿಗೆ ಕ್ಲೀನ್‌ರೂಮಿನ ಕಾಗದ ಮತ್ತು ಬಾಲ್ ಪೆನ್ ಇರುತ್ತವೆ. ಒಳಗೆ ನಿಧಾನವಾಗಿ ನಡೆಯಿರಿ. ತೆರೆದಿಟ್ಟ ವೇಫರಿನ ಮೇಲೆ ಬಾಗಿ ಮಾತನಾಡಬೇಡಿ.

ವಿನ್ಯಾಸ ಮೂಡಿಸುವ ಲಿಥೋಗ್ರಫಿ ಕೋಣೆಯ ದೀಪ ಹಳದಿಯಾಗಿರುವುದು ಫೋಟೊರೆಸಿಸ್ಟ್ ಎಂಬ ಲೇಪದ ಸಲುವಾಗಿ. ಅದು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಪ್ರತಿಕ್ರಿಯಿಸುತ್ತದೆ, ಪಾದರಸದ ದೀಪದ 365 ಮತ್ತು 436 ನ್ಯಾನೊಮೀಟರ್ ಕಿರಣಗಳಿಂದ ಅದರ ಮೇಲೆ ವಿನ್ಯಾಸ ಮೂಡಿಸುತ್ತಾರೆ. ಲೇಪ ಹಚ್ಚಿದ ಚಿಪ್ಪನ್ನು ಬೆಳ್ಳನೆಯ ದೀಪದ ಕೋಣೆಗೆ ಒಯ್ಯಬೇಕಾದರೆ ಬೆಳಕು ತಾಗದ ಡಬ್ಬಿಯಲ್ಲಿ ಒಯ್ಯಿರಿ.

ಒಂದು ಕೆಲಸ ಹತ್ತಿರದಿಂದ: ಚಿನ್ನದ ಗೆರೆ

ಹೊಸಬರು ಹೆಚ್ಚಾಗಿ ಕೈ ಹಾಕುವ ಕೆಲಸವೆಂದರೆ ಆಕ್ಸೈಡ್ ಇರುವ ಸಿಲಿಕಾನಿನ ಮೇಲೆ ಚಿನ್ನದ ಸಂಪರ್ಕ ಗೆರೆಗಳನ್ನು ಮೂಡಿಸುವುದು. ಇದರ ಹಂತಗಳನ್ನು ಸಾವಧಾನವಾಗಿ ನೋಡಿದರೆ ಉಳಿದ ಕೆಲಸಗಳ ರೀತಿಯೂ ತಿಳಿಯುತ್ತದೆ.

ಚಿಪ್ಪನ್ನು ಅಸಿಟೋನಿನಲ್ಲಿ ತೊಳೆದು, ಅದು ಆರುವ ಮೊದಲೇ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಹಾಕಬೇಕು. ಅಸಿಟೋನ್ ಬೇಗನೆ ಆರಿ ತಾನು ಕರಗಿಸಿದ ಕೊಳೆಯನ್ನು ಅಲ್ಲೇ ಬಿಟ್ಟುಹೋಗುತ್ತದೆ. ನಂತರ ಸಾರಜನಕ ಊದಿ ಒಣಗಿಸಿ, ಬಿಸಿ ತಟ್ಟೆಯ ಮೇಲೆ ಇಟ್ಟು ತೇವ ಹೋಗಿಸಬೇಕು. ಎಲೆಕ್ಟ್ರಾನ್ ಕಿರಣಕ್ಕೆ ಪ್ರತಿಕ್ರಿಯಿಸುವ ಪಾಲಿಮರ್ ರೆಸಿಸ್ಟ್ ಆದ ಪಿಎಂಎಂಎ ದ್ರಾವಣದ ಹನಿಯನ್ನು ಚಿಪ್ಪಿನ ನಡುವೆ ಬಿಟ್ಟು ನಿಮಿಷಕ್ಕೆ 4,000 ಸುತ್ತಿನಂತೆ ತಿರುಗಿಸಿದರೆ ತೆಳುವಾದ ಸಮಪದರ ಉಂಟಾಗುತ್ತದೆ. ಅದನ್ನು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಎಲೆಕ್ಟ್ರಾನ್ ಕಿರಣ ಬರೆದ ಕಡೆ ಪಿಎಂಎಂಎಯ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ. ಒಂದು ಪಾಲು ಮೀಥೈಲ್ ಐಸೋಬ್ಯುಟೈಲ್ ಕೀಟೋನಿಗೆ ಮೂರು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಿದ ದ್ರಾವಣದಲ್ಲಿ ಆ ಭಾಗ ಮಾತ್ರ ಕರಗಿ ತೋಡು ಉಳಿಯುತ್ತದೆ.

ಎಷ್ಟು ಎಲೆಕ್ಟ್ರಾನ್ ಪ್ರಮಾಣ ಬೇಕೆಂಬುದನ್ನು ಯಾರದೋ ಪ್ರಬಂಧದಿಂದ ಎತ್ತಿಕೊಳ್ಳಬೇಡಿ. ಅದು ಕಿರಣದ ವೋಲ್ಟೇಜ್, ಪದರದ ದಪ್ಪ, ಕೆಳಗಿನ ತಳ, ಗೆರೆಗಳ ನಡುವಿನ ಅಂತರ ಎಲ್ಲವನ್ನೂ ಅವಲಂಬಿಸುತ್ತದೆ. ನಿಮ್ಮ ವಿನ್ಯಾಸದ ಒಂದು ಚಿಕ್ಕ ಭಾಗವನ್ನೇ ಪ್ರಮಾಣವನ್ನು ಶೇಕಡ ಹತ್ತರಂತೆ ಏರಿಸುತ್ತಾ ಸಾಲಾಗಿ ಬರೆದು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಆರಿಸಿಕೊಳ್ಳಿ. ಇದಕ್ಕೆ ಬೆಲೆಬಾಳುವ ಸ್ಯಾಂಪಲ್ ಬೇಡ, ಅದೇ ಬಗೆಯ ಖಾಲಿ ಸಿಲಿಕಾನ್ ತುಂಡು ಸಾಕು.

ಮುಂದೆ ನಿರ್ವಾತ ಕೊಠಡಿಯಲ್ಲಿ ಮೊದಲು 5 ನ್ಯಾನೊಮೀಟರ್ ಟೈಟಾನಿಯಂ ಅಥವಾ ಕ್ರೋಮಿಯಂ, ಅದರ ಮೇಲೆ 50 ನ್ಯಾನೊಮೀಟರ್ ಚಿನ್ನವನ್ನು ಆವಿಯಾಗಿಸಿ ಕೂರಿಸುತ್ತಾರೆ. ಚಿನ್ನ ಆಕ್ಸೈಡಿಗೆ ತಾನಾಗಿ ಅಂಟುವುದಿಲ್ಲ, ಆ ತೆಳು ಪದರವಿಲ್ಲದಿದ್ದರೆ ಮುಂದಿನ ತೊಳೆತದಲ್ಲೇ ಗೆರೆ ಎದ್ದುಹೋಗುತ್ತದೆ. ಲೋಹದ ದಪ್ಪ ಪಿಎಂಎಂಎ ಪದರದ ಮೂರನೇ ಒಂದು ಭಾಗವನ್ನು ಮೀರದಿರಲಿ. ಅಯಾನುಗಳಿಂದ ಬಡಿದು ಲೋಹವನ್ನು ಚಿಮ್ಮಿಸುವ ಸ್ಪಟರಿಂಗ್ ಬದಲು ಆವಿಯಾಗಿಸುವ ವಿಧಾನವನ್ನು ಆರಿಸಿ, ಏಕೆಂದರೆ ಸ್ಪಟರಿಂಗ್ ತೋಡಿನ ಗೋಡೆಗಳಿಗೂ ಲೋಹ ಮೆತ್ತಿ ಕೆಳಗಿನ ಗೆರೆಯನ್ನೂ ಮೇಲಿನ ಹಾಳೆಯನ್ನೂ ಒಂದಾಗಿ ಬೆಸೆಯುತ್ತದೆ.

ಕೊನೆಯ ಹಂತ ಲಿಫ್ಟ್-ಆಫ್. ಚಿಪ್ಪನ್ನು ಅಸಿಟೋನಿನಲ್ಲಿ ಮುಳುಗಿಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಚಿನ್ನದ ಹಾಳೆಯ ಮೇಲೆ ಸುಕ್ಕುಗಳು ಕಾಣಿಸಿಕೊಳ್ಳುತ್ತವೆ, ಅಂಚು ಮೇಲೇಳುತ್ತದೆ, ಕೆಳಗಿನ ಪಿಎಂಎಂಎ ಕರಗಿದಂತೆಲ್ಲ ಹಾಳೆ ಚೂರುಚೂರಾಗಿ ತೇಲಿಹೋಗುತ್ತದೆ. ಪಿಪೆಟ್‌ನಿಂದ ಅದೇ ದ್ರವವನ್ನು ಮೆಲ್ಲಗೆ ಚಿಮ್ಮಿಸಿ ನೆರವಾಗಬಹುದು. ಇಲ್ಲಿ ಆತುರ ಕೂಡದು. ಹಾಳೆ ಪೂರ್ತಿ ಬಿಡುವ ಮೊದಲೇ ಚಿಪ್ಪನ್ನು ಹೊರತೆಗೆದು ಆರಲು ಬಿಟ್ಟರೆ, ತೇಲುತ್ತಿದ್ದ ಚೂರುಗಳು ಗೆರೆಗಳ ಮೇಲೆ ಕೂತು ಅಂಟುತ್ತವೆ. ಮತ್ತೆ ಎಷ್ಟು ಹೊತ್ತು ನೆನೆಸಿದರೂ ಬಿಡುವುದಿಲ್ಲ. ಚಿಪ್ಪು ದ್ರವದಲ್ಲಿ ಮುಳುಗಿರುವಾಗಲೇ ಗಾಜಿನ ತಟ್ಟೆಗೆ ವರ್ಗಾಯಿಸಿ ಸೂಕ್ಷ್ಮದರ್ಶಕದಡಿ ನೋಡಿ, ಮೂಲೆಮೂಲೆಯೂ ತೆರವಾಗಿದೆ ಎಂದು ಖಚಿತವಾದ ಮೇಲಷ್ಟೇ ಹೊರತೆಗೆಯಿರಿ.

ಈ ಎಲ್ಲ ಹಂತಗಳನ್ನು ಒಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟು, ಮಾಡಿದಂತೆಲ್ಲ ನಿಜವಾದ ಮೌಲ್ಯಗಳನ್ನು ತುಂಬುತ್ತಾ ಹೋಗಿ: ಯಾವ ಸೀಸೆಯ ರೆಸಿಸ್ಟ್, ಅಂದಿನ ತೇವಾಂಶ, ಕಾಯಿಸಿದ ಸಮಯ, ನಿರ್ವಾತದ ಒತ್ತಡ. ಫಲಿತಾಂಶ ಕೆಟ್ಟ ದಿನ ಈ ಹಾಳೆಯೇ ಕಾರಣ ಹುಡುಕಿಕೊಡುವುದು. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿದರೆ ಆ ಕಾರಣವೂ ಸಿಗುವುದಿಲ್ಲ.

ಚಿತ್ರ ತೆಗೆಯುವಾಗ

ವಿದ್ಯುತ್ ಹರಿಯದ ಸ್ಯಾಂಪಲನ್ನು ಎಸ್‌ಇಎಂನಲ್ಲಿಟ್ಟರೆ ಎಲೆಕ್ಟ್ರಾನುಗಳು ಹೋಗಲು ದಾರಿಯಿಲ್ಲದೆ ಅಲ್ಲೇ ಕೂಡಿಕೊಳ್ಳುತ್ತವೆ. ಚಿತ್ರ ಒಂದು ಬದಿಗೆ ಜಾರುತ್ತದೆ, ಅಂಚುಗಳು ಕಣ್ಣು ಕುಕ್ಕುವಷ್ಟು ಬೆಳಗುತ್ತವೆ, ಅಡ್ಡ ಪಟ್ಟೆಗಳು ಮೂಡುತ್ತವೆ. ಮೊದಲು ವೋಲ್ಟೇಜನ್ನು 1 ಕಿಲೋವೋಲ್ಟಿನ ಆಸುಪಾಸಿಗೆ ಇಳಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಕೆಲವು ನ್ಯಾನೊಮೀಟರ್ ಲೋಹದ ಲೇಪ ಹಾಕಬಹುದು. ಆದರೆ ಆ ಲೇಪಕ್ಕೂ ತನ್ನದೇ ಅತಿ ಸಣ್ಣ ಹರಳುಗಳಿರುತ್ತವೆ. ಅತಿ ಹೆಚ್ಚು ವರ್ಧನೆಯಲ್ಲಿ ಅವನ್ನೇ ತಮ್ಮ ವಸ್ತುವಿನ ನ್ಯಾನೊ ರಚನೆಯೆಂದು ಓದಿಕೊಳ್ಳುವ ಅಪಾಯವಿದೆ. ಹತ್ತಿರದಲ್ಲಿ ಇಟ್ಟ ಖಾಲಿ ಸಿಲಿಕಾನ್ ತುಂಡಿಗೂ ಅದೇ ಲೇಪ ಹಾಕಿ ಹೋಲಿಸಿದರೆ ಸತ್ಯ ತಿಳಿಯುತ್ತದೆ.

ಧಾತುಗಳನ್ನು ಗುರುತಿಸುವ ಇಡಿಎಸ್ ಅಳತೆ ಬೇಕಾದವರು ಚಿನ್ನದ ಲೇಪ ಹಾಕಿಸಿಕೊಳ್ಳುವ ಮೊದಲು ಒಮ್ಮೆ ಯೋಚಿಸಬೇಕು. ಚಿನ್ನದ ಒಂದು ಎಕ್ಸ್-ಕಿರಣ ರೇಖೆ 2.12 ಕಿಲೋಎಲೆಕ್ಟ್ರಾನ್‌ವೋಲ್ಟ್‌ನಲ್ಲಿದೆ, ರಂಜಕದ್ದು 2.01ರಲ್ಲಿ, ಗಂಧಕದ್ದು 2.31ರಲ್ಲಿ. ಜೀವಕೋಶದಲ್ಲಿ ರಂಜಕವನ್ನೋ ಪ್ರೋಟೀನಿನಲ್ಲಿ ಗಂಧಕವನ್ನೋ ಹುಡುಕುತ್ತಿರುವವರ ರೇಖೆಗಳನ್ನು ಚಿನ್ನ ಮುಚ್ಚಿಹಾಕುತ್ತದೆ. ಅವರಿಗೆ ಇಂಗಾಲದ ಲೇಪ ಸರಿ.

ಕಿರಣ ಒಂದೇ ಕಡೆ ನಿಂತಷ್ಟೂ ಅಲ್ಲಿ ಇಂಗಾಲದ ಮಸಿ ಕೂರುತ್ತದೆ. ವರ್ಧನೆ ಕಡಿಮೆ ಮಾಡಿದಾಗ ಕಪ್ಪು ಚೌಕ ಕಂಡರೆ ಅದು ಇದೇ. ಫೋಕಸ್ ಹೊಂದಿಸುವ ಕೆಲಸವನ್ನು ಪಕ್ಕದ ಜಾಗದಲ್ಲಿ ಮುಗಿಸಿ, ಬೇಕಾದ ಜಾಗಕ್ಕೆ ಚಿತ್ರ ತೆಗೆಯಲಷ್ಟೇ ಬನ್ನಿ. ಚಂದದ ಒಂದು ಮೂಲೆಯನ್ನಷ್ಟೇ ತೆಗೆದುಕೊಂಡು ಹಿಂತಿರುಗಬೇಡಿ. ಕಡಿಮೆ ವರ್ಧನೆಯದೊಂದು, ನಡುವಿನದೊಂದು, ಹೆಚ್ಚಿನದೊಂದು ಎಂಬಂತೆ ಮೊದಲೇ ಗುರುತಿಸಿಕೊಂಡ ಹಲವು ಜಾಗಗಳಲ್ಲಿ ತೆಗೆದರೆ ಮಾತ್ರ ಸ್ಯಾಂಪಲ್ ಹೇಗಿದೆ ಎಂದು ಹೇಳುವ ಹಕ್ಕು ಬರುತ್ತದೆ.

ಟಿಇಎಂಗೆ ಸ್ಯಾಂಪಲ್ 100 ನ್ಯಾನೊಮೀಟರಿಗಿಂತ ತೆಳುವಾಗಿರಬೇಕು ಮತ್ತು 3 ಮಿಲಿಮೀಟರ್ ವ್ಯಾಸದ ಜಾಲರಿಯ ಮೇಲೆ ಕೂರಬೇಕು. ಕಣಗಳ ದ್ರಾವಣವನ್ನು ಗಾಢವಾಗಿ ಹನಿಸಿದರೆ ಆರುವಾಗಲೇ ಎಲ್ಲ ಒಟ್ಟುಗೂಡುತ್ತವೆ. ಬಹಳ ತೆಳುವಾಗಿಸಿ ಹನಿಸಿ. ಹಸಿ ಜೀವಕೋಶಗಳನ್ನು ಸಾಮಾನ್ಯ ಎಸ್‌ಇಎಂನ ನಿರ್ವಾತಕ್ಕೆ ಒಡ್ಡುವ ಮೊದಲು ಗ್ಲೂಟರಾಲ್ಡಿಹೈಡ್‌ನಿಂದ ಸ್ಥಿರಪಡಿಸಿ, ಹಂತಹಂತವಾಗಿ ಆಲ್ಕೋಹಾಲಿಗೆ ಬದಲಿಸಿ, ರಚನೆ ಕುಸಿಯದಂತೆ ಕ್ರಿಟಿಕಲ್ ಪಾಯಿಂಟ್ ವಿಧಾನದಿಂದ ಒಣಗಿಸಬೇಕು. ಇದಕ್ಕೆ ಒಂದೆರಡು ದಿನ ಹಿಡಿಯುವುದರಿಂದ ಸ್ಲಾಟ್‌ನ ದಿನಾಂಕದಿಂದ ಹಿಂದಕ್ಕೆ ಎಣಿಸಿ ಆರಂಭಿಸಿ.

ಸ್ಲಾಟ್, ದಾಖಲೆ, ಹಂಚಿಕೆ

ಬುಕಿಂಗ್ ಮಾಡಿದ ಸಮಯ ಬೇಡವಾದರೆ ಮುಂಚಿತವಾಗಿ ಬಿಟ್ಟುಕೊಡಿ, ಅದಕ್ಕಾಗಿ ಕಾದವರಿರುತ್ತಾರೆ. ನಿರ್ವಾತಕ್ಕಿಳಿಸುವ, ಮತ್ತೆ ಗಾಳಿ ತುಂಬುವ ಹೊತ್ತನ್ನೂ ನಿಮ್ಮ ಲೆಕ್ಕದಲ್ಲೇ ಸೇರಿಸಿ. ಯಂತ್ರದಲ್ಲಿ ಏನಾದರೂ ಎಡವಟ್ಟಾದರೆ, ಅದು ನಿಮ್ಮಿಂದಲೇ ಆಗಿರಲಿ, ಲಾಗ್ ಪುಸ್ತಕದಲ್ಲಿ ಆ ಗಳಿಗೆಯಲ್ಲೇ ಬರೆದು ತಂತ್ರಜ್ಞರಿಗೆ ತಿಳಿಸಿ. ಚಿಪ್ಪು ನಿರ್ವಾತ ಕೊಠಡಿಯೊಳಗೆ ಬಿದ್ದುಹೋದದ್ದನ್ನು ಹೇಳಿದರೆ ಅರ್ಧ ದಿನದ ಕೆಲಸ. ಹೇಳದೆ ಹೋದರೆ ಅದು ಪಂಪಿನೊಳಗೆ ಸೇರಿ ವಾರಗಟ್ಟಲೆ ಎಲ್ಲರ ಕೆಲಸ ನಿಲ್ಲಬಹುದು. ಸಂಶೋಧನಾ ಅನುದಾನಕ್ಕೆ ಅರ್ಜಿ ಬರೆಯುವಾಗಲೇ ಗಂಟೆಗಳ ಶುಲ್ಕವನ್ನು ಅಂದಾಜಿಸಿ ಸೇರಿಸಿ. ವಿಫಲ ಪ್ರಯತ್ನಗಳಿಗೂ ಅದರಲ್ಲಿ ಜಾಗವಿರಲಿ.

ದತ್ತಾಂಶವನ್ನು ಯಂತ್ರದ ಮೂಲ ಕಡತದ ರೂಪದಲ್ಲೇ ಇಟ್ಟುಕೊಳ್ಳಿ. ವೋಲ್ಟೇಜ್, ವರ್ಧನೆ, ಪಿಕ್ಸೆಲಿನ ಅಳತೆ ಎಲ್ಲ ಅದರಲ್ಲಿರುತ್ತದೆ. ಪ್ರಸಂಟೇಷನ್‌ಗೆಂದು ಕತ್ತರಿಸಿದ ಚಿತ್ರದಲ್ಲಿ ಅದು ಉಳಿಯುವುದಿಲ್ಲ. ಕಡತದ ಹೆಸರಿನಲ್ಲಿ ದಿನಾಂಕ, ಸ್ಯಾಂಪಲ್ ಸಂಖ್ಯೆ, ಜಾಗದ ಗುರುತು ಇರಲಿ, ಮತ್ತು ಅದೇ ಸಂಖ್ಯೆ ಸ್ಯಾಂಪಲ್ ಡಬ್ಬಿಯ ಮೇಲೂ ಹಂತಗಳ ಹಾಳೆಯ ಮೇಲೂ ಇರಲಿ.

ಪ್ರಬಂಧ ಬರೆಯುವಾಗ ಕೇಂದ್ರದ ಹೆಸರನ್ನು ಅದು ಸೂಚಿಸಿರುವ ವಾಕ್ಯದಲ್ಲೇ ಕೃತಜ್ಞತೆಯ ಭಾಗದಲ್ಲಿ ನಮೂದಿಸಬೇಕು. ಇಂಥ ಉಲ್ಲೇಖಗಳನ್ನು ತೋರಿಸಿಯೇ ಕೇಂದ್ರಗಳು ಮುಂದಿನ ಉಪಕರಣಕ್ಕೆ ಹಣ ಕೇಳುವುದು. ತಂತ್ರಜ್ಞರು ಶುಲ್ಕಕ್ಕೆ ತಕ್ಕ ಸಾಮಾನ್ಯ ಅಳತೆ ಮಾಡಿಕೊಟ್ಟಿದ್ದರೆ ಕೃತಜ್ಞತೆ ಸಾಕು. ಪ್ರಯೋಗದ ಕ್ರಮವನ್ನೇ ಅವರು ರೂಪಿಸಿದ್ದರೆ, ಫಲಿತಾಂಶದ ಅರ್ಥ ಬಿಡಿಸುವುದರಲ್ಲಿ ಪಾಲುಗೊಂಡಿದ್ದರೆ, ಅವರ ಹೆಸರು ಲೇಖಕರ ಸಾಲಿನಲ್ಲಿ ಇರಬೇಕು. ಈ ಮಾತನ್ನು ಕೆಲಸ ಆರಂಭವಾಗುವಾಗಲೇ ನಿಮ್ಮ ಗೈಡ್ ಜೊತೆ ಆಡಿ ತೀರ್ಮಾನಿಸಿಕೊಳ್ಳಿ. ಪ್ರಬಂಧ ಪ್ರಕಟವಾದ ಮೇಲೆ ಸರಿಹೋದ ಹಂತಗಳ ಹಾಳೆಯ ಒಂದು ಪ್ರತಿಯನ್ನು, ಸರಿಹೋಗದೆ ಬಿಟ್ಟ ಪ್ರಮಾಣಗಳನ್ನೂ ಸೇರಿಸಿ, ಕೇಂದ್ರದ ಕಡತಕ್ಕೆ ಕೊಡಿ.